ಕೆಲಸ ನಿಂತ ದಿನ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಯಾವಾಗಲೂ ಬರೆಯುವ ಹಾಗೆ ‘ಕರ್ತನ ನಾಮದಲ್ಲಿ ವಂದನೆಗಳು’ ಅಂತ ಶುರು ಮಾಡಿದರೆ ನೀನು ಅಲ್ಲಿಗೇ ಮಡಚಿಡುತ್ತೀಯ. ಅದಕ್ಕೇ ಈ ಸಲ ಬಿಟ್ಟಿದ್ದೇನೆ. ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೆ, ಅದು ಬೇರೆ ಮಾತು.

ಭಾನುವಾರ ಆರಾಧನೆ ಮುಗಿದ ಮೇಲೆ ನಡೆದದ್ದನ್ನು ಮತ್ತೆ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು, ಈಗ ಸಭೆಗೆಲ್ಲ ಗೊತ್ತು. ಬಾಡಿಗೆಗೆ ಸಭೆಯ ಸಹಾಯ ಬೇಕಾಗಿದ್ದ ಆ ಹೆಂಗಸಿನ ವಿಷಯದಲ್ಲಿ ನೀನು ಹೇಳಿದ್ದು ಸರಿ. ಹೇಳಿದ ರೀತಿಗೆ ಅಮ್ಮ ಇನ್ನೂ ಮುಖ ಊದಿಸಿಕೊಂಡಿದ್ದಾಳೆ. ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು, ಅದನ್ನು ಅವಳಿಗೆ ಹೇಳಬೇಡ. ಬೈಬಲಿನ ಯಾಕೋಬನ ಪತ್ರದ 2ನೇ ಅಧ್ಯಾಯವನ್ನು ಪುಸ್ತಕ ನೋಡದೆ ಹೇಳಿದೆಯಲ್ಲ! ಮೈಮೇಲೆ ಬಟ್ಟೆಯಿಲ್ಲದ, ಅಂದಿನ ಊಟಕ್ಕೂ ಗತಿಯಿಲ್ಲದ ಸಹೋದರಿಗೆ ‘ಸಮಾಧಾನದಿಂದ ಹೋಗಮ್ಮಾ, ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ’ ಅಂತ ಹೇಳಿ ಕಳಿಸಿದರೆ ಏನು ಬಂತು ಅಂತ. ಹಿರಿಯರೆಲ್ಲ ನೆಲ ನೋಡುತ್ತಾ ನಿಂತರು. ಅವರಲ್ಲಿ ನಾನೂ ಒಬ್ಬ.

ಆದರೆ ಈ ಪತ್ರ ಆ ಜಗಳದ ಬಗ್ಗೆ ಅಲ್ಲ. ಶಿಬಿರದ ಕೆಲಸಕ್ಕೆ ಹೊರಟಿರುವ ನೀನು ಆಮೇಲೆ ಗೇಟಿನ ಹತ್ತಿರ ಹೇಳಿದ ಮಾತಿನ ಬಗ್ಗೆ. ‘ನಿಮ್ಮ ನಂಬಿಕೆಯೂ ಬೇಡ, ಕಳಿಸಿಕೊಡೋ ಪ್ರಾರ್ಥನೆಯೂ ಬೇಡ ಅಪ್ಪಾ. ನಾನು ಕೆಲಸ ಮಾಡ್ತೀನಿ. ದೇವರು ಅಂತ ಒಬ್ಬ ಇದ್ದರೆ ಅದನ್ನೇ ಲೆಕ್ಕ ಹಾಕ್ಕೊಳ್ಳಲಿ.’

ನೀನು ಬಿರುಸಾಗಿ ಹೇಳಿ ಹೋದೆ. ನಾನು ಅಲ್ಲೇ ನಿಂತೆ. ಆ ಮಾತನ್ನು ನಾನು ಮೊದಲೇ ಕೇಳಿದ್ದೆ. ನಿನ್ನ ಅಜ್ಜಿಯ ಬಾಯಲ್ಲಿ.

ಅಜ್ಜಿ ಎಂಥವಳು ಅಂತ ನಿನಗೆ ಹೇಳಬೇಕಿಲ್ಲ. ಅವಳ ಹೊಲಿಗೆ ಮಿಷನ್ನು, ನಡುರಾತ್ರಿ ಬಾಗಿಲು ಬಡಿದವರ ಜೊತೆ ಟಾರ್ಚ್ ಹಿಡಿದು ಹೆರಿಗೆಗೆ ಹೋಗುತ್ತಿದ್ದದ್ದು, ಎಲ್ಲ ನೀನು ನೋಡಿದ್ದೀಯ. ಕೊನೆಯ ತಿಂಗಳುಗಳನ್ನು ಮಾತ್ರ ನೋಡಲಿಲ್ಲ. ನೀನಾಗ ಹಾಸ್ಟೆಲ್ಲಿನಲ್ಲಿದ್ದೆ. ಪರೀಕ್ಷೆ ಹತ್ತಿರವಿತ್ತು, ನಾವೂ ಜಾಸ್ತಿ ಹೇಳಲಿಲ್ಲ.

ಲಕ್ವ ಹೊಡೆದು ಅವಳ ಬಲಗೈ ಹೋಯಿತು. ಮಾತು ತೊದಲುತ್ತಿತ್ತು, ಆದರೆ ಅರ್ಥವಾಗುತ್ತಿತ್ತು. ಮೊದಮೊದಲು ಕೈ ಬರುತ್ತೆ ಅಂತಲೇ ನಂಬಿದ್ದಳು. ಅರ್ಧ ಹೊಲಿದ ಬಟ್ಟೆಗಳನ್ನು ಯಾರಿಗೂ ಕೊಡಬೇಡಿ, ನಾನೇ ಮುಗಿಸ್ತೀನಿ ಅನ್ನುತ್ತಿದ್ದಳು. ಕೈ ಬರುವುದಿಲ್ಲ ಅಂತ ಗೊತ್ತಾದ ಮೇಲೆ ಶುರುವಾಯಿತು ನೋಡು. ರಾತ್ರಿ ದೀಪ ಆರಿಸಲು ಹೋದರೆ ಸೆರಗು ಹಿಡಿಯುವ ಮಗುವಿನ ಹಾಗೆ ನನ್ನ ಅಂಗಿ ಹಿಡಿದು ಕೇಳುತ್ತಿದ್ದಳು. ‘ನಾನು ಮಾಡಿದ್ದು ಸಾಕಾಯ್ತೇನೋ?’

ನೋಡಲು ಬಂದವರೆಲ್ಲ ಒಂದೇ ಸಮಾಧಾನ ಹೇಳಿದರು. ನೀವೆಷ್ಟು ಜನರಿಗೆ ಮಾಡಿದ್ದೀರಿ, ಎಷ್ಟು ಮಕ್ಕಳನ್ನು ಈ ಕೈಯಲ್ಲಿ ಎತ್ತಿಕೊಂಡಿದ್ದೀರಿ, ನಿಮಗಲ್ಲದೆ ಯಾರಿಗೆ ಪರಲೋಕ. ಪ್ರೀತಿಯಿಂದಲೇ ಹೇಳಿದರು. ಅವರು ಹೋದ ಮೇಲೆ ಅಜ್ಜಿಗೆ ಇನ್ನೂ ಜಾಸ್ತಿ ಕಳವಳ. ಯಾಕೆಂದರೆ ಅವಳಿಗೆ ಆಗ ನೆನಪಾಗುತ್ತಿದ್ದದ್ದು ಒಬ್ಬಳೇ ಹೆಂಗಸು. ಎಂದೋ ಒಂದು ಸಂಜೆ ಅಜ್ಜಿ ಜ್ವರದಲ್ಲಿದ್ದಾಗ ಅವಳು ಬಾಗಿಲಿಗೆ ಬಂದಿದ್ದಳಂತೆ. ‘ನಾಳೆ ಬಾ’ ಅಂತ ಕಳಿಸಿದಳಂತೆ. ಅವಳು ಮತ್ತೆ ಬರಲಿಲ್ಲವಂತೆ. ಏನು ಬೇಕಿತ್ತೋ, ಏನಾದಳೋ. ಅಜ್ಜಿಗೆ ಅವಳ ಹೆಸರೂ ಗೊತ್ತಿರಲಿಲ್ಲ. ಆದರೆ ಮುಖ ನೆನಪಿತ್ತು. ಮಾಡಿಸಿಕೊಂಡವರ ಮುಖಗಳೆಲ್ಲ ಮಸುಕಾಗಿ, ಕಳಿಸಿಬಿಟ್ಟವಳ ಮುಖ ಮಾತ್ರ ಉಳಿಯಿತು.

ಲೆಕ್ಕ ಅನ್ನುವುದರ ಗುಣವೇ ಅದು ಪುಟ್ಟಿ. ಮಾಡಿದ್ದನ್ನು ಎಣಿಸಲು ಕೂತರೆ, ಮಾಡದೆ ಬಿಟ್ಟದ್ದೂ ಬಂದು ಪಕ್ಕದಲ್ಲಿ ಕೂರುತ್ತದೆ.

ಅಜ್ಜಿಗೆ ನಂಬಿಕೆ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ದೇವರಿದ್ದಾನೆ ಅನ್ನುವುದರಲ್ಲಿ ಅವಳಿಗೆ ಅನುಮಾನವೇ ಬಂದಿರಲಿಲ್ಲ. ಬರೀಗೈಯಲ್ಲಿ ಹೋದರೆ ಅವನು ತನ್ನನ್ನು ಒಳಗೆ ಸೇರಿಸುತ್ತಾನಾ ಅನ್ನುವುದೇ ಅನುಮಾನ. ಅವಳ ಹೆದರಿಕೆಯನ್ನು ಹತ್ತಿರದಿಂದ ನೋಡಿದವನು ನಾನು. ನಿನ್ನ ಬಾಯಲ್ಲಿ ‘ಲೆಕ್ಕ’ ಅಂತ ಬಂದಾಗ ನನಗೆ ನಿನ್ನ ಸಿಟ್ಟು ಕಾಣಲಿಲ್ಲ. ವಯಸ್ಸಾದ ನೀನು ಕಂಡೆ, ಹಾಸಿಗೆಯಲ್ಲಿ. ನನ್ನ ಕಲ್ಪನೆ ಅತಿಯಾಯಿತು ಅನ್ನುತ್ತೀಯ. ಇರಬಹುದು. ಹೆತ್ತವರ ಕಲ್ಪನೆಗೆ ಅಳತೆ ಎಲ್ಲಿದೆ?

ಈಗ ನೀನು ಫೋನಿನಲ್ಲಿ ಎಸೆದ ಪ್ರಶ್ನೆ, ಬೈಬಲಿನಲ್ಲಿ ಪತ್ರ ಬರೆದ ಇಬ್ಬರ ಬಗ್ಗೆ. ‘ಪೌಲ ಒಂದು ಹೇಳ್ತಾನೆ, ಯಾಕೋಬ ಇನ್ನೊಂದು ಹೇಳ್ತಾನೆ. ಸಭೆಯವರು ನಿಮಗೆ ಅನುಕೂಲವಾದವನನ್ನ ಹಿಡ್ಕೊಂಡಿದ್ದೀರಿ.’ ಎರಡನೇ ವಾಕ್ಯ ಪೂರ್ತಿ ನಿಜ. ಮೊದಲನೆಯದನ್ನು ಸ್ವಲ್ಪ ನೋಡೋಣ.

ಮೇಲಿಂದ ನೋಡಿದರೆ ಜಗಳವೇ. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ನಂಬಿಕೆಯಿಂದ, ಮೋಶೆಯ ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ ಅಂತ ಪೌಲ ರೋಮಾಪುರದವರಿಗೆ ಬರೆದ. ಬರೀ ನಂಬಿಕೆಯಿಂದಲ್ಲ, ಕ್ರಿಯೆಗಳಿಂದಲೂ ಅಂತ ಯಾಕೋಬ. ತಮಾಷೆ ಏನೆಂದರೆ ಇಬ್ಬರೂ ಸಾಕ್ಷಿಗೆ ಕರೆಯುವುದು ಒಬ್ಬನನ್ನೇ, ಅಬ್ರಹಾಮನನ್ನು. ಎತ್ತಿ ಹೇಳುವ ವಚನವೂ ಒಂದೇ, ಆದಿಕಾಂಡ 15ನೇ ಅಧ್ಯಾಯದ್ದು: ಅಬ್ರಹಾಮ ದೇವರನ್ನು ನಂಬಿದ, ಅದು ಅವನ ಪಾಲಿಗೆ ನೀತಿಯೆಂದು ಎಣಿಸಲ್ಪಟ್ಟಿತು.

ನಾನು ಈ ವಾರ ಕೂತು ಆದಿಕಾಂಡದ ವರ್ಷಗಳನ್ನು ಕೂಡಿಸಿದೆ. (ಲೆಕ್ಕ ಬೇಡ ಅನ್ನುವವನೇ ಕೂಡಿಸಿದೆ, ನಗು ಪರವಾಗಿಲ್ಲ.) ಇಷ್ಮಾಯೇಲ್ ಹುಟ್ಟಿದಾಗ ಅಬ್ರಹಾಮನಿಗೆ 86 ವರ್ಷ. ಇಸಾಕ ಹುಟ್ಟಿದಾಗ 100. ದೇವರ ಮಾತನ್ನು ಅವನು ನಂಬಿದ್ದು ಇಷ್ಮಾಯೇಲನಿಗೂ ಮುಂಚೆ. ಇಸಾಕನನ್ನು ಅರ್ಪಿಸಲು ಬೆಟ್ಟ ಹತ್ತಿದ್ದು, ಹುಡುಗ ಸೌದೆ ಹೊರುವಷ್ಟು ದೊಡ್ಡವನಾದ ಮೇಲೆ. ಅಂದರೆ ನಂಬಿದ ದಿನಕ್ಕೂ ಬೆಟ್ಟದ ದಿನಕ್ಕೂ ನಡುವೆ 14 ವರ್ಷಕ್ಕಿಂತ ಎಷ್ಟೋ ಹೆಚ್ಚು. ಆ ನಡುವೆ ಅವನು ಏನೇನು ಮಾಡಿದ? ಕಾಯಲಾರದೆ ದಾಸಿ ಹಾಗರಳಿಂದ ಇಷ್ಮಾಯೇಲನನ್ನು ಪಡೆದ. ಮುದುಕನಾದ ನನಗೆ ಮಗುವಾ ಅಂತ ದೇವರ ಮುಂದೆಯೇ ನಕ್ಕ. ಜೀವಭಯಕ್ಕೆ ಹೆಂಡತಿಯನ್ನು ತಂಗಿ ಅಂದ, ಅದೂ ಎರಡನೇ ಸಲ. ಇಷ್ಟಾದರೂ ಮೊದಲ ದಿನದ ಎಣಿಕೆಯನ್ನು ದೇವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಪೌಲ ಬೆರಳಿಡುವುದು ಆ ಮೊದಲ ದಿನದ ಮೇಲೆ. ಅಂದು ಅಬ್ರಹಾಮನ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ. ಸುನ್ನತಿಯೂ ಆಗಿರಲಿಲ್ಲ. ಯಾಕೋಬ ಬೆರಳಿಡುವುದು ಬೆಟ್ಟದ ದಿನದ ಮೇಲೆ. ಆ ನಂಬಿಕೆಗೆ ಜೀವವಿತ್ತು ಅಂತ ಗೊತ್ತಾದದ್ದು ಅಂದು. ಅದೇ ಮನುಷ್ಯನ ಬದುಕು. ಒಬ್ಬ ಆರಂಭ ಓದಿದ, ಇನ್ನೊಬ್ಬ ಮುಂದಿನದನ್ನು ಓದಿದ.

ಇಬ್ಬರ ಎದುರಿಗಿದ್ದ ಜನರೂ ಬೇರೆ. ಗಲಾತ್ಯದಲ್ಲಿ (ಈಗಿನ ಟರ್ಕಿಯ ಒಂದು ಭಾಗ) ಕೆಲವರು ಬಂದು, ಕ್ರಿಸ್ತನನ್ನು ನಂಬಿದರೆ ಸಾಲದು, ಸುನ್ನತಿ ಮಾಡಿಸಿಕೊಂಡು ಧರ್ಮಶಾಸ್ತ್ರದ ಕೆಳಗೆ ಬಂದರೇನೇ ನೀವು ದೇವರ ಜನ ಅನ್ನುತ್ತಿದ್ದರು. ಪೌಲ ಉರಿದುಬಿದ್ದದ್ದು ಅವರ ಮೇಲೆ. ಯಾಕೋಬನ ಎದುರಿಗಿದ್ದವರು ನಮ್ಮಂಥವರು. ಬಾಯಲ್ಲಿ ಎಲ್ಲವೂ ಸರಿ. ದೇವರೊಬ್ಬನೇ ಅಂತ ನಂಬುತ್ತೀಯಾ, ಒಳ್ಳೇದು, ದೆವ್ವಗಳೂ ನಂಬಿ ನಡುಗುತ್ತವೆ ಅಂತ ಅವನು ಅವರಿಗೆ ಹೇಳಿದ್ದು. ಎಷ್ಟು ಖಾರ ನೋಡು. ನಿನ್ನ ಭಾನುವಾರದ ಮಾತು ಅದರ ಮುಂದೆ ಏನೂ ಅಲ್ಲ.

ಅದಕ್ಕೇ ನನಗನ್ನಿಸುವುದು ಇಷ್ಟು. ನಮ್ಮ ಸಭೆಗೆ ಯಾಕೋಬ ಬೇಕು. ನಿನಗೆ ಪೌಲ ಬೇಕು. ಆದರೆ ನಾವು ಪೌಲನನ್ನು ಅಪ್ಪಿಕೊಂಡು ಕೂತಿದ್ದೇವೆ, ನೀನು ಯಾಕೋಬನನ್ನು ಎತ್ತಿಕೊಂಡು ಹೊರಟಿದ್ದೀಯ.

ಪೌಲನನ್ನಾದರೂ ನಾವು ಪೂರ್ತಿ ಓದಿದ್ದೇವಾ ಅಂದರೆ ಅದೂ ಇಲ್ಲ. ಸಂಡೇ ಸ್ಕೂಲಿನಲ್ಲಿ ಎಫೆಸದವರಿಗೆ ಬರೆದ ಪತ್ರದಿಂದ ಕಂಠಪಾಠ ಮಾಡಿಸಿದ್ದು ನೆನಪಿದೆಯಾ? 2ನೇ ಅಧ್ಯಾಯ, 8 ಮತ್ತು 9ನೇ ವಚನ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ, ಕ್ರಿಯೆಗಳಿಂದಲ್ಲ, ಯಾರೂ ಹೊಗಳಿಕೊಳ್ಳಬಾರದು. ಅಲ್ಲಿಗೆ ನಿಲ್ಲಿಸಿ ಬಹುಮಾನ ಕೊಡುತ್ತಿದ್ದರು. ಅದರ ಮುಂದಿನ 10ನೇ ವಚನದಲ್ಲೇ ಅವನು ಹೇಳುತ್ತಾನೆ, ನಾವು ಸತ್ಕ್ರಿಯೆಗಳಿಗಾಗಿಯೇ ಕ್ರಿಸ್ತ ಯೇಸುವಿನಲ್ಲಿ ಸೃಷ್ಟಿಯಾದವರು, ಆ ಕೆಲಸಗಳನ್ನು ದೇವರು ಮೊದಲೇ ಸಿದ್ಧಮಾಡಿ ಇಟ್ಟಿದ್ದಾನೆ ಅಂತ. ಆ ಒಂದು ವಚನವನ್ನೂ ಸೇರಿಸಿ ಕಲಿಸಿದ್ದರೆ ಆ ಹೆಂಗಸಿನ ಬಾಡಿಗೆಯ ವಿಷಯಕ್ಕೆ ಕಮಿಟಿಯಲ್ಲಿ ಅಷ್ಟು ಹೊತ್ತು ಮಾತು ಬೇಕಾಗುತ್ತಿರಲಿಲ್ಲ.

ನಾನು ಇತ್ತೀಚೆಗೆ ಗಮನಿಸಿದ ಒಂದು ಸಂಗತಿ ನಿನಗೆ ಇಷ್ಟವಾಗಬಹುದು. ಕ್ರಿಯೆಗಳಿಂದ ಅಲ್ಲವೇ ಅಲ್ಲ ಅಂತ ಪೌಲ ಅಷ್ಟು ಗಟ್ಟಿಯಾಗಿ ಬರೆದದ್ದು ಗಲಾತ್ಯದ ಸಭೆಗಳಿಗೆ ಅಲ್ವಾ? ಸುಮಾರು 300 ವರ್ಷ ಆದ ಮೇಲೆ, 362ರ ಹೊತ್ತಿಗೆ, ರೋಮಿನ ಚಕ್ರವರ್ತಿ ಜೂಲಿಯನ್ ಅದೇ ಗಲಾತ್ಯದ ಪ್ರಧಾನ ಪೂಜಾರಿಗೆ ಒಂದು ಪತ್ರ ಬರೆದ. ಅವನಿಗೆ ಕ್ರೈಸ್ತರನ್ನು ಕಂಡರೆ ಆಗುತ್ತಿರಲಿಲ್ಲ, ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಎಬ್ಬಿಸಲು ಹೊರಟಿದ್ದ. ಪತ್ರದಲ್ಲಿ ಅವನ ಗೋಳು ಏನು ಗೊತ್ತಾ? ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹಾಗೆ) ತಮ್ಮ ಬಡವರನ್ನು ಸಾಕುವುದಲ್ಲದೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮಗೆ ನಾಚಿಕೆಗೇಡು, ನೀವೂ ಊರೂರಲ್ಲಿ ಛತ್ರ ತೆರೆಯಿರಿ ಅಂತ. ಕ್ರಿಯೆಗಳಿಂದ ರಕ್ಷಣೆ ಇಲ್ಲ ಅಂತ ಹೇಳಿಸಿಕೊಂಡ ಊರುಗಳ ಜನ ಕೈಕಟ್ಟಿ ಕೂರಲಿಲ್ಲ. ವಿರೋಧಿಗೆ ಹೊಟ್ಟೆ ಉರಿಯುವಷ್ಟು ಮಾಡಿದರು. ನನ್ನ ಲೆಕ್ಕದಲ್ಲಿ ಪೌಲನ ಆ ಪತ್ರಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಯಾರೂ ಬರೆದಿಲ್ಲ.

ಆ ಪತ್ರದ 5ನೇ ಅಧ್ಯಾಯದಲ್ಲೇ ಪೌಲ ಹೇಳಿದ್ದಾನೆ, ಸುನ್ನತಿ ಆದರೂ ಒಂದೇ ಆಗದಿದ್ದರೂ ಒಂದೇ, ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆಯೇ ಬೇಕಾದದ್ದು ಅಂತ. ಯಾಕೋಬ ಕೇಳಿದ್ದರೆ ಆಮೆನ್ ಅನ್ನುತ್ತಿದ್ದ.

ಪಾಠ ಶುರುವಾಯಿತು ಅಂತ ನಿನ್ನ ಮುಖ ಹೇಗಾಗಿರುತ್ತೆ ಅಂತ ಗೊತ್ತು. ಇನ್ನೊಂದಿಷ್ಟು ತಡೆದುಕೋ.

ಜರ್ಮನಿಯಲ್ಲಿ ಪ್ರಾಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರನ ಕಥೆ ನಿನಗೆ ಗೊತ್ತು, 1517, ಪಾಪವಿಮೋಚನೆಯ ಚೀಟಿ ಮಾರುತ್ತಿದ್ದದ್ದು, ಎಲ್ಲ. ಅವನಿಗೆ ಯಾಕೋಬನ ಪತ್ರ ಹಿಡಿಸುತ್ತಿರಲಿಲ್ಲ ಅನ್ನುವುದನ್ನೂ ನೀನು ನನ್ನ ಮೇಲೆ ಪ್ರಯೋಗಿಸಿದ್ದೀಯ. ಹೌದು, 1522ರಲ್ಲಿ ಬಂದ ತನ್ನ ಜರ್ಮನ್ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಅದನ್ನು ಹುಲ್ಲಿನ ಪತ್ರ, ಅಂದರೆ ಸತ್ವ ಕಡಿಮೆಯಾದದ್ದು, ಅಂದ. ಮುಂದಿನ ಮುದ್ರಣಗಳಲ್ಲಿ ಆ ಮಾತು ಬಿಟ್ಟುಹೋಯಿತು. ಆದರೆ ಅದೇ ಪುಸ್ತಕದಲ್ಲಿ, ರೋಮಾಪುರದವರ ಪತ್ರಕ್ಕೆ ಬರೆದ ಮುನ್ನುಡಿಯಲ್ಲಿ, ನಂಬಿಕೆ ಅನ್ನುವುದು ಜೀವಂತವಾದದ್ದು, ಸುಮ್ನೆ ಕೂರಲಾರದ್ದು, ಒಳ್ಳೆಯದು ಮಾಡಬೇಕೇ ಅಂತ ಕೇಳುವ ಮೊದಲೇ ಮಾಡಿಬಿಟ್ಟಿರುತ್ತದೆ ಅಂತಲೂ ಬರೆದ. ಬೆಂಕಿಯಿಂದ ಬಿಸಿಯನ್ನೂ ಬೆಳಕನ್ನೂ ಬೇರೆ ಮಾಡಲಾಗದ ಹಾಗೆ ನಂಬಿಕೆಯಿಂದ ಕೆಲಸವನ್ನು ಬೇರೆ ಮಾಡಲಾಗದು ಅಂದ. ಕ್ಯಾಥೊಲಿಕ್ ಸಭೆ 1547ರಲ್ಲಿ ಟ್ರೆಂಟಿನ ಮಹಾಸಭೆಯಲ್ಲಿ ಅವನ ಕಡೆಯವರನ್ನು ಖಂಡಿಸಿತು. 1999ರಲ್ಲಿ ಲೂಥರನ್ ಸಭೆಗಳ ಒಕ್ಕೂಟವೂ ಕ್ಯಾಥೊಲಿಕ್ ಸಭೆಯೂ ಔಗ್ಸ್‌ಬರ್ಗಿನಲ್ಲಿ ಕೂತು, ದೇವರು ನಮ್ಮನ್ನು ಒಪ್ಪಿಕೊಳ್ಳುವುದು ಕೃಪೆಯಿಂದಲೇ, ನಮ್ಮ ಯೋಗ್ಯತೆಯಿಂದಲ್ಲ, ಆ ಕೃಪೆಯೇ ನಮ್ಮನ್ನು ಸತ್ಕ್ರಿಯೆಗೆ ಕಳಿಸುತ್ತದೆ ಅಂತ ಒಟ್ಟಾಗಿ ಸಹಿ ಹಾಕಿದರು. ಅಷ್ಟು ಹೇಳಲು 450 ವರ್ಷ ಹಿಡಿಯಿತು. ನಮ್ಮಿಬ್ಬರಿಗೆ ಅಷ್ಟು ಸಮಯವಿಲ್ಲ.

ಲೂಥರನಿಗಿಂತ ನನಗೆ ಹತ್ತಿರದವನು ಮೆಥೊಡಿಸ್ಟ್ ಸಭೆಗಳ ಮೂಲಪುರುಷ, ಇಂಗ್ಲೆಂಡಿನ ಜಾನ್ ವೆಸ್ಲಿ. ಅವನನ್ನು ಓದುವಾಗ ನಿನ್ನದೇ ನೆನಪು. ಆಕ್ಸ್‌ಫರ್ಡಿನಲ್ಲಿ ಅವನು, ಅವನ ತಮ್ಮ, ಇನ್ನು ಕೆಲವು ಗೆಳೆಯರು ಸೇರಿ ಸೆರೆಮನೆಗೆ ಹೋಗಿ ಕೈದಿಗಳನ್ನು ನೋಡುತ್ತಿದ್ದರು, ಉಪವಾಸ ಮಾಡುತ್ತಿದ್ದರು, ಇದ್ದದ್ದನ್ನು ಬಡವರಿಗೆ ಹಂಚುತ್ತಿದ್ದರು. ಒಂದು ನಿಮಿಷವೂ ವ್ಯರ್ಥ ಮಾಡುತ್ತಿರಲಿಲ್ಲ. 1735ರಲ್ಲಿ ಮಿಷನರಿಯಾಗಿ ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದ. ನಡುಸಮುದ್ರದಲ್ಲಿ ಬಿರುಗಾಳಿ. ಹಡಗಿನಲ್ಲಿದ್ದ ಮೊರೇವಿಯನ್ ಅನ್ನುವ ಕ್ರೈಸ್ತ ಪಂಗಡದ ವಿಶ್ವಾಸಿಗಳು, ಹೆಂಗಸರು ಮಕ್ಕಳೂ ಸೇರಿ, ಹಾಡುತ್ತಾ ಇದ್ದರು. ವೆಸ್ಲಿಗೆ ಸಾವಿನ ಹೆದರಿಕೆ. ಇಷ್ಟೆಲ್ಲ ಮಾಡಿದ ನನಗೆ ಯಾಕೆ ಹೆದರಿಕೆ ಅಂತ ಅವನೇ ಬೆಚ್ಚಿದ. ಜಾರ್ಜಿಯಾದಿಂದ ಸೋತು ವಾಪಸು ಬರುವಾಗ, ಅಮೆರಿಕದ ಮೂಲನಿವಾಸಿಗಳನ್ನು ಬದಲಾಯಿಸಲು ಹೋದೆ, ನನ್ನನ್ನು ಬದಲಾಯಿಸುವವರು ಯಾರು ಅಂತ ದಿನಚರಿಯಲ್ಲಿ ಬರೆದುಕೊಂಡ.

ಅಜ್ಜಿಯ ಹಾಸಿಗೆಯ ಪಕ್ಕದಲ್ಲಿ ಕೂತಿದ್ದವನಿಗೆ ಆ ಹಡಗು ಚೆನ್ನಾಗಿ ಅರ್ಥವಾಗುತ್ತದೆ.

1738ರ ಮೇ 24ರಂದು ಲಂಡನ್ನಿನಲ್ಲಿ, ಆಲ್ಡರ್ಸ್‌ಗೇಟ್ ಬೀದಿಯ ಒಂದು ಚಿಕ್ಕ ಕೂಟಕ್ಕೆ ಅವನು ಮನಸ್ಸಿಲ್ಲದೆ ಹೋದ. ಅಲ್ಲಿ ಯಾರೋ ಓದುತ್ತಿದ್ದದ್ದು ಲೂಥರನ ಅದೇ ಮುನ್ನುಡಿ. ಅಂದು ಅವನಿಗೆ ಕ್ರಿಸ್ತನ ಮೇಲೆ ಭಾರ ಹಾಕಲು ಸಾಧ್ಯವಾಯಿತು. ತನ್ನ ಪಾಪ ಹೋಯಿತು ಅಂತ ನೆಚ್ಚಿಕೆ ಬಂತು. ಆಮೇಲೆ ಅವನು ಕೆಲಸ ಬಿಟ್ಟನಾ? ಅರ್ಧ ಶತಮಾನ ಕುದುರೆ ಮೇಲೆ ಊರೂರು ಸುತ್ತಿದ. 1791ರಲ್ಲಿ ಸಾಯುವುದಕ್ಕೆ ಒಂದು ವಾರ ಮುಂಚೆ, ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್‌ಗೆ ದಣಿಯಬೇಡ ಅಂತ ಪತ್ರ ಬರೆದ. ಮೊದಲೂ ಕೆಲಸವಿತ್ತು, ಆಮೇಲೂ ಕೆಲಸವಿತ್ತು. ನಡುವೆ ಬಿಟ್ಟುಹೋದದ್ದು ಹೆದರಿಕೆ. ಪೂರ್ತಿ ಹೋಗಲಿಲ್ಲ, ಮಧ್ಯೆ ಮಧ್ಯೆ ಅನುಮಾನ ಅವನನ್ನೂ ಕಾಡಿತು. ಆದರೆ ನಿಲ್ಲಲು ಬೇರೆ ನೆಲ ಸಿಕ್ಕಿತ್ತು.

ನಿನಗೆ ನಾನು ಕೊಡಬೇಕು ಅಂದುಕೊಂಡಿರುವುದು ಆ ನೆಲ. ಕೊಡಲು ಬರುವ ವಸ್ತುವಲ್ಲ ಅದು, ಅದೇ ಸಂಕಟ.

ಮತ್ತಾಯನ ಸುವಾರ್ತೆಯಲ್ಲಿ ಎರಡು ಸಾಲು ಜನ ಬರುತ್ತಾರೆ, ಗಮನಿಸಿದ್ದೀಯಾ? 7ನೇ ಅಧ್ಯಾಯದಲ್ಲಿ ಬರುವವರು ಪಟ್ಟಿ ತಂದಿದ್ದಾರೆ. ಕರ್ತನೇ, ನಿನ್ನ ಹೆಸರಲ್ಲಿ ಪ್ರವಾದನೆ ಹೇಳಿದೆವಲ್ಲಾ, ದೆವ್ವ ಬಿಡಿಸಿದೆವಲ್ಲಾ, ಮಹತ್ಕಾರ್ಯ ಮಾಡಿದೆವಲ್ಲಾ. ಅವರಿಗೆ ಸಿಕ್ಕ ಉತ್ತರ, ನಿಮ್ಮ ಗುರುತೇ ನನಗಿಲ್ಲ. 25ನೇ ಅಧ್ಯಾಯದಲ್ಲಿ ಬಲಗಡೆ ನಿಂತವರಿಗೆ ಅರಸನೇ ಪಟ್ಟಿ ಓದಿ ಹೇಳುತ್ತಾನೆ. ಹಸಿದಿದ್ದೆ, ಊಟ ಕೊಟ್ಟಿರಿ. ಸೆರೆಯಲ್ಲಿದ್ದೆ, ನೋಡಲು ಬಂದಿರಿ. ಅವರಿಗೆ ಏನೂ ನೆನಪಿಲ್ಲ. ಯಾವಾಗ ಸ್ವಾಮಿ, ನಾವು ನಿನ್ನನ್ನು ಎಲ್ಲಿ ನೋಡಿದೆವು ಅಂತ ತಬ್ಬಿಬ್ಬಾಗುತ್ತಾರೆ. ನೀನು ನನ್ನ ಮುಂದೆ ಯಾವಾಗಲೂ ಎತ್ತಿ ಹಿಡಿಯುವ ಅಧ್ಯಾಯವೇ ಅದು. ನಂಬಿಕೆಯ ಮಾತೇ ಇಲ್ಲ, ಕೆಲಸವೊಂದೇ ನೋಡಿದ ಅನ್ನುತ್ತೀಯ. ಕೆಲಸ ನೋಡಿದ, ನಿಜ. ಆದರೆ ಮಾಡಿದವರು ಲೆಕ್ಕ ಇಟ್ಟಿರಲಿಲ್ಲ. ಅದನ್ನೂ ಓದು.

ಅಜ್ಜಿಗೆ ನಾನು ಇದನ್ನು ಓದಿ ಹೇಳಿದ್ದೆ. ಅವಳು ಕಣ್ಣು ಮುಚ್ಚಿಕೊಂಡೇ ‘ನನಗೆ ನೆನಪಿದೆಯಲ್ಲೋ’ ಅಂದಳು. ಏನು ಹೇಳಲಿ? ಆಮೇಲೆ ಒಂದು ದಿನ ಲೂಕನ 23ನೇ ಅಧ್ಯಾಯ ಓದಿದೆ, ಶಿಲುಬೆಯ ಮೇಲಿನ ಕಳ್ಳ. ಅವನ ಕೈಗೆ ಮೊಳೆ ಹೊಡೆದಿದ್ದರು. ಇನ್ನು ಆ ಕೈ ಯಾರಿಗೂ ಏನೂ ಮಾಡುವ ಹಾಗಿರಲಿಲ್ಲ, ಕದ್ದದ್ದನ್ನು ಹಿಂದೆ ಕೊಡುವ ಹಾಗೂ ಇರಲಿಲ್ಲ. ನನ್ನನ್ನು ನೆನಸಿಕೋ ಅಂತ ಕೇಳಿದ, ಅಷ್ಟೇ. ಅಜ್ಜಿ ತುಂಬ ಹೊತ್ತು ಏನೂ ಅನ್ನಲಿಲ್ಲ. ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಎದೆ ಮೇಲೆ ಇಟ್ಟುಕೊಂಡಳು.

ಅಲ್ಲಿಯವರೆಗೆ ಊಟ ಮಾಡಿಸಲು ಬರುತ್ತಿದ್ದ ಹುಡುಗಿಯ ಜೊತೆ ದಿನಾ ಜಗಳ. ಬೇರೆಯವರ ಕೈಯಿಂದ ತಿನ್ನುವುದು ಅವಳಿಂದ ಆಗುತ್ತಿರಲಿಲ್ಲ. ಎಲ್ಲರಿಗೂ ಕೊಟ್ಟವಳಿಗೆ ತೆಗೆದುಕೊಳ್ಳಲು ಬರುತ್ತಿರಲಿಲ್ಲ. ನನ್ನ ಕಾಲು ನೀನು ತೊಳೆಯಲೇಬಾರದು ಅಂತ ಶಿಷ್ಯ ಪೇತ್ರ ಯೇಸುವಿನ ಹತ್ತಿರ ಹಟ ಮಾಡಿದನಲ್ಲ, ಹಾಗೆಯೇ. ಆ ವಾರದಿಂದ ಸುಮ್ನೆ ಬಾಯಿ ತೆರೆದಳು. ಅದು ಸಮಾಧಾನವೋ ಸುಸ್ತೋ, ನನಗೆ ಇವತ್ತಿಗೂ ತಿಳಿಯದು. ‘ಸಾಕಾಯ್ತಾ’ ಅಂತ ಮತ್ತೆ ಕೇಳಿದಳು, ಆದರೆ ಕಡಿಮೆ. ಎಲ್ಲ ಸರಿಹೋಯಿತು ಅಂತ ಹೇಳಿ ನಿನ್ನನ್ನು ನಂಬಿಸಲಾರೆ.

ನೋಡು, ಒಂದು ಮಾತಿನಲ್ಲಿ ಹೇಳಿ ಮುಗಿಸಬೇಕು ಅಂದುಕೊಂಡಿದ್ದ ಅಜ್ಜಿಯ ವಿಷಯವೇ ಪತ್ರ ತುಂಬಿತು.

ನೀನು ಕೇಳಿದ ಇನ್ನೊಂದಕ್ಕೆ ಉತ್ತರ ಬಾಕಿಯಿದೆ. ನಿನ್ನ ಜೊತೆ ಶಿಬಿರಕ್ಕೆ ಬರುವವರಲ್ಲಿ ಅರ್ಧ ಜನ ಯಾವ ದೇವರನ್ನೂ ನಂಬುವುದಿಲ್ಲ, ಆದರೂ ಸಭೆಯವರಿಗಿಂತ ಎಷ್ಟೋ ಒಳ್ಳೆಯವರು ಅಂದೆ. ನಾನು ಒಪ್ಪುತ್ತೇನೆ. ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಕಂಡು ಯಾಜಕನೂ ದೇವಾಲಯದ ಸೇವೆಯ ಲೇವಿಯನೂ ಪಕ್ಕದಿಂದ ಹೋದರು, ಪರಕೀಯನೆನಿಸಿದ ಸಮಾರ್ಯದವನು ನಿಂತ. ಆ ಕಥೆ ಹೇಳಿದವನು ಯೇಸುವೇ. ಕೊರ್ನೇಲ್ಯ ಅನ್ನುವ ರೋಮನ್ ಶತಾಧಿಪತಿ ಸುವಾರ್ತೆ ಕೇಳುವ ಮೊದಲೇ ಅವನ ಪ್ರಾರ್ಥನೆಗಳೂ ದಾನಗಳೂ ದೇವರ ಸನ್ನಿಧಿಗೆ ಮುಟ್ಟಿದವು ಅಂತ ದೇವದೂತ ಹೇಳಿದ. ಅಷ್ಟಾದರೂ ಅವನ ಮನೆಗೆ ಪೇತ್ರನನ್ನು ಕಳಿಸಿದ ದೇವರು. ನಿನ್ನ ಕೆಲಸ ಸಾಕು, ಇನ್ನೇನೂ ಬೇಕಿಲ್ಲ ಅನ್ನಲಿಲ್ಲ. ನಿನ್ನ ಗೆಳೆಯರ ವಿಷಯದಲ್ಲಿ ತೀರ್ಪು ಕೊಡುವ ಕೆಲಸ ನನಗೆ ಕೊಟ್ಟಿಲ್ಲ, ಅದು ನನ್ನ ಪುಣ್ಯ. ಅವರ ಕೈಯ ಒಳ್ಳೆಯದೂ ಆತನಿಂದಲೇ ಬಂದದ್ದು ಅಂತ ನಾನು ನಂಬುತ್ತೇನೆ. ಅವರು ನಂಬದಿದ್ದರೂ ಸರಿ. ನನಗೆ ಚಿಂತೆ ನಿನ್ನದು. ನೀನು ಅವರ ಹಾಗೆ ಅಲ್ಲ. ಅವರು ದೇವರ ಜೊತೆ ಜಗಳ ಮಾಡುತ್ತಿಲ್ಲ.

ಇನ್ನು ಬುದ್ಧಿಮಾತು. ಬೇಡ ಅಂದುಕೊಂಡರೂ ಬರುತ್ತದೆ.

ಅಲ್ಲಿ ನೀನು ಎಲ್ಲರನ್ನೂ ಉಳಿಸಲಾರೆ. ಔಷಧಿ ಮುಗಿಯುತ್ತದೆ, ಸರದಿಯಲ್ಲಿ ಜನ ಉಳಿಯುತ್ತಾರೆ. ‘ನಾಳೆ ಬಾ’ ಅಂತ ನೀನೂ ಯಾರಿಗೋ ಹೇಳಬೇಕಾಗುತ್ತದೆ. ಆ ರಾತ್ರಿ ನಿನಗೆ ನಿದ್ದೆ ಬರದಿದ್ದರೆ, ಕೆಲಸ ಸಾಲದು ಅಂತ ಎದ್ದು ಮತ್ತೆ ಓಡಬೇಡ. ಊಟ ಬಿಡಬೇಡ. ವಾರಕ್ಕೊಂದು ದಿನ ನಿಲ್ಲು. ನೀನಿಲ್ಲದಿದ್ದರೂ ಸೂರ್ಯ ಹುಟ್ಟುತ್ತಾನೆ ಅಂತ ಒಪ್ಪಿಕೊಳ್ಳುವ ದಿನ ಅದು. ನಿನ್ನಷ್ಟು ಮಾಡದವರ ಮೇಲೆ ತಿರಸ್ಕಾರ ಬರುತ್ತೆ, ಹುಷಾರು. ಇದ್ದದ್ದನ್ನೆಲ್ಲ ಬಡವರಿಗೆ ಹಂಚಿದರೂ ಪ್ರೀತಿ ಇಲ್ಲದಿದ್ದರೆ ಏನೂ ಪ್ರಯೋಜನವಿಲ್ಲ ಅಂತ ಪೌಲ ಕೊರಿಂಥದವರಿಗೆ ಬರೆದದ್ದು ಸೋಮಾರಿಗಳಿಗಲ್ಲ, ನಿನ್ನಂಥವರಿಗೆ. ಈ ವಾಕ್ಯ ಸ್ವಲ್ಪ ಜೋರಾಯಿತು. ಅಳಿಸೋಣ ಅಂದುಕೊಂಡೆ, ಅಳಿಸುವುದಿಲ್ಲ. ಭಾನುವಾರ ಎಲ್ಲರೆದುರು ನಿನ್ನ ಮೇಲೆ ದನಿ ಏರಿಸಿದ್ದಕ್ಕೆ ಮಾತ್ರ ಬೇಜಾರಿದೆ. ಕ್ಷಮಿಸು.

ಆ ಹೆಂಗಸಿನ ವಿಷಯ ಏನಾಯಿತು ಅಂತ ನೀನು ಅಮ್ಮನನ್ನು ಕೇಳಿದೆಯಂತೆ. ಕಮಿಟಿ ಮತ್ತೆ ಸೇರಿತು. ಒಬ್ಬರು ಎದ್ದು ಹೋದರು, ಇಬ್ಬರು ನಿನ್ನನ್ನು ಬೈದರು, ಪಾಸ್ಟರ್ ಯಾಕೋಬನ 2ನೇ ಅಧ್ಯಾಯ ಓದಿದರು. ಅವಳು ಆ ಮನೆಯಲ್ಲೇ ಇದ್ದಾಳೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಯಾರು ಏನು ಕೊಟ್ಟರು ಅಂತ ಬರೆಯುವುದಿಲ್ಲ. ಬರೆದರೆ ನೀನು ಅದನ್ನು ಯಾರದಾದರೂ ಖಾತೆಗೆ ಹಾಕುತ್ತೀಯ.

ಕಳಿಸಿಕೊಡುವ ಪ್ರಾರ್ಥನೆ ಬೇಡ ಅಂದೆಯಲ್ಲ, ಸಭೆಗೆ ಹಾಗೇ ಹೇಳಿದ್ದೇನೆ. ಯಾರೂ ನಿನ್ನನ್ನು ಮುಂದೆ ಕರೆದು ನಿಲ್ಲಿಸುವುದಿಲ್ಲ. ಆದರೆ ನೀನು ಯಾಕೋಬನನ್ನು 2ನೇ ಅಧ್ಯಾಯದಲ್ಲೇ ಬಿಟ್ಟು ಬಂದಿದ್ದೀಯ. 5ನೇ ಅಧ್ಯಾಯದವರೆಗೂ ಹೋಗು. ಹೊಲ ಕೊಯ್ದವರ ಕೂಲಿ ಹಿಡಿದಿಟ್ಟ ಶ್ರೀಮಂತರನ್ನು ಅವನು ಅಲ್ಲಿ ಹೇಗೆ ತರಾಟೆಗೆ ತೆಗೆದುಕೊಳ್ಳುತ್ತಾನೆ ನೋಡು, ನಿನಗೆ ಖುಷಿಯಾಗುತ್ತದೆ. ಅದೇ ಅಧ್ಯಾಯದಲ್ಲಿ, ಅದೇ ಉಸಿರಿನಲ್ಲಿ, ನಿಮ್ಮಲ್ಲಿ ಕಷ್ಟದಲ್ಲಿರುವವನು ಪ್ರಾರ್ಥಿಸಲಿ, ಕಾಯಿಲೆಯವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಅವನಿಗಾಗಿ ಪ್ರಾರ್ಥಿಸಲಿ ಅಂತಾನೆ. ನಿನ್ನ ಯಾಕೋಬನೇ ಹೇಳಿದ್ದು.

ಹೊರಡುವ ದಿನ ನಾನೂ ಅಮ್ಮನೂ ಸ್ಟೇಷನ್ನಿಗೆ ಬರುತ್ತೇವೆ, ಬೇಡ ಅನ್ನಬೇಡ. ಅಲ್ಲಿ ಪ್ರಾರ್ಥನೆ ಮಾಡುವುದಿಲ್ಲ ಅಂತ ಮಾತು ಕೊಡಲಾರೆ. ಕಣ್ಣು ತೆರೆದುಕೊಂಡು, ನಿನ್ನ ಲಗೇಜು ಎತ್ತಿಡುತ್ತಲೇ ಮಾಡುತ್ತೇನೆ. ಭಾರದ ಬ್ಯಾಗು ನನಗೆ ಬಿಡು.

ಇಂತಿ,
ನಿನ್ನ ಅಪ್ಪ